ಕೆಂಪು ಕಾರಿನ ಬ್ರೇಕು

ಸ್ಪೋರ್ಟ್ಸ್ ಕಾರು ಅಂದ ಕೂಡಲೇ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: ಎಷ್ಟು ಹೋಗತ್ತೆ ಗುರು? ಎಷ್ಟು ದೂರದಲ್ಲಿ ನಿಲ್ಲತ್ತೆ ಅಂತ ಕೇಳಿದವರನ್ನು ಈ ಮೂರು ವರ್ಷದಲ್ಲಿ ನಮ್ಮ ಕ್ಯಾಂಪಸ್ಸಲ್ಲಿ ನಾವಂತೂ ನೋಡಿಲ್ಲ. ಕಳೆದ ಬೇಸಿಗೆ ರಜೆ ಪೂರ್ತಿ ಆ ಎರಡನೇ ಪ್ರಶ್ನೆಯ ಹಿಂದೆ ಬಿದ್ದೇ ಕಳೆದುಹೋಯಿತು. ಇಂಟರ್ನ್‌ಶಿಪ್ ಸಿಗದವರ ಕಥೆ ಅಂದುಕೊಂಡರೂ ಬೇಜಾರಿಲ್ಲ.

ನಾವು ಅಂದರೆ ನಾಲ್ಕು ಜನ. ಮೂರು ಮೆಕ್ಯಾನಿಕಲ್, ಒಬ್ಬಳು ಎಲೆಕ್ಟ್ರಿಕಲ್. ಕಾಲೇಜಿನ ಫಾರ್ಮುಲಾ ಸ್ಟೂಡೆಂಟ್ ತಂಡದಲ್ಲಿ ಎರಡು ವರ್ಷ ನಟ್ಟು ಬೋಲ್ಟು ಬಿಗಿದವರು. ಕಾರು ನಮ್ಮಲ್ಲೊಬ್ಬನ ಅಪ್ಪನದು. ಅಪ್ಪ ಈಗಿಲ್ಲ. ಅವರು ಬ್ರಹ್ಮಚಾರಿಯಾಗಿದ್ದ ಕಾಲದಲ್ಲಿ ಯಾರಿಂದಲೋ ಕೊಂಡಿದ್ದ, 1960ರ ದಶಕದ, ಎರಡೇ ಸೀಟಿನ, ಮೇಲ್ಛಾವಣಿ ಮಡಚುವಂಥ ವಿದೇಶಿ ಕಾರು. ಚಂದ್ರಾ ಲೇಔಟಿನ ಎಂಬತ್ತಡಿ ರಸ್ತೆಯಿಂದ ಸ್ವಲ್ಪ ಒಳಗಿರುವ ಅವರ ಮನೆಯ ಪೋರ್ಟಿಕೋದಲ್ಲಿ ಹನ್ನೊಂದು ವರ್ಷ ಟಾರ್ಪಾಲಿನ ಕೆಳಗೆ ನಿಂತಿತ್ತು. ಕಂಪನಿಯ ಹೆಸರು ಬರೆಯೋದಿಲ್ಲ. ಐವತ್ತು ವರ್ಷ ದಾಟಿದ ಕಾರಿನ ರಬ್ಬರು ಕೊಳೆತರೆ ಅದನ್ನು ಮಾಡಿದವರನ್ನು ಬೈಯೋದರಲ್ಲಿ ಅರ್ಥವಿಲ್ಲ. ಬೀದಿಯಲ್ಲಿ ಹೋಗುವವರಂತೂ ಟಾರ್ಪಾಲು ತೆಗೆದ ದಿನದಿಂದ ‘ಇದು ಸ್ಯಾನ್ ಸ್ಟಾರ್ಮಾ?’ ಅಂತ ಕೇಳುತ್ತಿದ್ದರು. ಅಲ್ಲ. ಅದು 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಸ್ಯಾನ್ ಮೋಟರ್ಸ್ ತಂದ ಕಾರು: ಫೈಬರ್ ಗ್ಲಾಸ್ ಮೈ, ರೆನೋ ಎಂಜಿನ್ನು. ನಮ್ಮ ಊರಿಗೆ ಅಂತ ಒಂದು ಸ್ಪೋರ್ಟ್ಸ್ ಕಾರು ಇತ್ತು ಅನ್ನೋದೇ ನಮ್ಮ ಬ್ಯಾಚಿನ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಕಾರು ಮಾರಬೇಕಿತ್ತು. ಏಳನೇ ಸೆಮಿಸ್ಟರಿನ ಫೀಸು, ತಂಗಿಯ ಪಿಯು ಅಡ್ಮಿಷನ್ನು, ಎರಡೂ ಒಟ್ಟಿಗೆ ಬಂದಿದ್ದವು. ನೋಡಲು ಬಂದ ಬ್ರೋಕರು ಟೈರಿಗೆ ಕಾಲಲ್ಲಿ ಒಮ್ಮೆ ಒದ್ದು ಹೇಳಿದ: ‘ಸ್ಟಾರ್ಟ್ ಆದ್ರೆ ಐದು ಲಕ್ಷದ ಆಸುಪಾಸು. ಆಗ್ಲಿಲ್ಲ ಅಂದ್ರೆ ಗುಜರಿ.’ ಹಾಗಾಗಿ ಅಮ್ಮ ನಮ್ಮನ್ನು ಕರೆದದ್ದು ಸ್ಟಾರ್ಟ್ ಮಾಡೋಕೆ ಮಾತ್ರ.

ಸ್ಟಾರ್ಟ್ ಮಾಡಲು ಮೂರೇ ದಿನ ಸಾಕಾಯಿತು. ಹಳೇ ಎಂಜಿನ್ನುಗಳು ಈ ವಿಷಯದಲ್ಲಿ ಬಹಳ ಒಳ್ಳೆಯವು. ಕಾರ್ಬುರೇಟರಿನ ಬೌಲಿನಲ್ಲಿ ಪೆಟ್ರೋಲು ಒಣಗಿ ಜೇನಂಟಿನ ಹಾಗೆ ಕೂತಿತ್ತು, ತೊಳೆದೆವು. ಕಾಂಟ್ಯಾಕ್ಟ್ ಪಾಯಿಂಟುಗಳನ್ನು ಉಜ್ಜಿದೆವು, ಪ್ಲಗ್ಗು ಬದಲಿಸಿದೆವು, ಸಿಲಿಂಡರಿಗೆ ಎರಡೆರಡು ಹನಿ ಎಣ್ಣೆ ಬಿಟ್ಟು ಕೈಯಲ್ಲೇ ತಿರುಗಿಸಿದೆವು, ಹೊಸ ಬ್ಯಾಟರಿ ಹಾಕಿದೆವು. ನಾಲ್ಕನೇ ದಿನ ಬೆಳಿಗ್ಗೆ ಕೆಮ್ಮಿ, ಹೊಗೆ ಬಿಟ್ಟು, ಆಮೇಲೆ ಹೊಡೀತು ನೋಡಿ ಒಂದು ಸದ್ದು! ಎದುರು ಮನೆ ಟೆರೇಸಿನಲ್ಲಿ ಬಟ್ಟೆ ಒಣಹಾಕುತ್ತಿದ್ದವರು ಹಾಗೇ ನಿಂತರು. ಯಾರೋ ವಿಡಿಯೊ ಮಾಡಿದರು. ಆ ವಿಡಿಯೊ ನೋಡಿಯೇ ಕೊಳ್ಳುವ ಹುಡುಗ ಬಂದದ್ದು. ನಾಗರಭಾವಿ ಕಡೆಯವನು, ನಮಗಿಂತ ಎರಡು ವರ್ಷ ದೊಡ್ಡವನಿರಬಹುದು, ಕೆಲಸಕ್ಕೆ ಸೇರಿ ವರ್ಷವಾಗಿತ್ತು. ಕಾರಿನ ಸುತ್ತ ಎರಡು ಸುತ್ತು ಹಾಕಿ, ಸ್ಟೀರಿಂಗ್ ಮುಟ್ಟಿ, ಬೆಲೆ ಕೇಳಿದ. ನಾಲ್ಕು ಲಕ್ಷ ಎಪ್ಪತ್ತೈದು ಸಾವಿರಕ್ಕೆ ಮಾತಾಯಿತು. ‘ಮುಂದಿನ ತಿಂಗಳು ಮೊದಲ ಭಾನುವಾರ ನಂದಿ ಬೆಟ್ಟ’ ಅಂದ. ಪಕ್ಕದಲ್ಲಿ ಯಾರೋ ಬರ್ತಾರೆ ಅನ್ನೋದು ಅವನ ಮುಖದಲ್ಲೇ ಗೊತ್ತಾಗುತ್ತಿತ್ತು.

ಅವನು ಹೋದ ಮೇಲೆ ನಾವು ಕಾರಿನ ಕೆಳಗೆ ಹೋದೆವು.

ಮೊದಲು ಬ್ರೇಕು. ಮುಂದಿನ ಎಡ ಚಕ್ರವನ್ನು ಜ್ಯಾಕಿನ ಮೇಲೆ ಎತ್ತಿ, ಪೆಡಲ್ ಒತ್ತಿ ಬಿಟ್ಟರೆ ಚಕ್ರ ತಿರುಗೋದೇ ಇಲ್ಲ. ಕ್ಯಾಲಿಪರ್ ಹಿಡಿದುಕೊಂಡಿದೆ ಅಂದುಕೊಂಡು ಬಿಚ್ಚಿದರೆ ಅದು ಸರಿಯಾಗೇ ಇತ್ತು. ರೋಗ ಇದ್ದದ್ದು ಒಂದು ಅಡಿ ಉದ್ದದ ರಬ್ಬರ್ ಹೋಸಿನಲ್ಲಿ. ಹೊರಗೆ ನೋಡಿದರೆ ಒಂದೂ ಬಿರುಕಿಲ್ಲ. ಉದ್ದಕ್ಕೆ ಸೀಳಿ ನೋಡಿದೆವು: ಒಳಪದರ ಊದಿ, ಒಂದು ಕಡೆ ಕಿತ್ತು, ಸಣ್ಣ ನಾಲಿಗೆಯ ಹಾಗೆ ದಾರಿಗೆ ಅಡ್ಡ ನಿಂತಿತ್ತು. ಕಾಲಿನಿಂದ ಒತ್ತಿದ ದೊಡ್ಡ ಒತ್ತಡ ಅದನ್ನು ತಳ್ಳಿಕೊಂಡು ಹೋಗತ್ತೆ, ವಾಪಸ್ ಬರುವ ಸಣ್ಣ ಒತ್ತಡಕ್ಕೆ ಅದು ಜಾಗ ಬಿಡಲ್ಲ. ಅಂದರೆ ಹೋಸು ಒಂದು ನಾನ್-ರಿಟರ್ನ್ ವಾಲ್ವ್ ಆಗಿಬಿಟ್ಟಿದೆ. ಕಾಲು ತೆಗೆದರೂ ಬ್ರೇಕು ಹಿಡಿದೇ ಇರತ್ತೆ, ಕಾರು ಎಡಕ್ಕೆ ಎಳೆಯತ್ತೆ, ಡಿಸ್ಕು ಕಾಯುತ್ತಾ ಹೋಗತ್ತೆ. ಪ್ಯಾಸ್ಕಲ್ ನಿಯಮವನ್ನು ಇಂಟರ್ನಲ್ಸಿಗೆ ಬಾಯಿಪಾಠ ಮಾಡಿದ್ದೆವು. ಒಂದು ತುಂಡು ರಬ್ಬರು ಅದಕ್ಕೆ ಹೀಗೆ ಏಕಮುಖ ಸಂಚಾರದ ಬೋರ್ಡು ಹಾಕಬಹುದು ಅಂತ ಯಾವ ಟೆಕ್ಸ್ಟ್‌ಬುಕ್ಕಿನಲ್ಲೂ ಓದಿರಲಿಲ್ಲ.

ಬ್ರೇಕ್ ಆಯಿಲ್ಲು ನಿನ್ನೆಯ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಇದು ನೋಟದ ಮಾತಲ್ಲ. ಡಾಟ್ 3, ಡಾಟ್ 4 ಅಂತ ಸಿಗುವ ಈ ದ್ರವಗಳು ಗಾಳಿಯಲ್ಲಿನ ತೇವವನ್ನು ಕುಡಿಯುತ್ತವೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಕುಡಿದ ಮೇಲೆ ಆ ಮಾನದಂಡವೇ 140ಕ್ಕೆ ಇಳಿಯತ್ತೆ. ಹನ್ನೊಂದು ವರ್ಷ ನಿಂತದ್ದು ಅದಕ್ಕೂ ಕೆಳಗಿದ್ದರೆ ಆಶ್ಚರ್ಯವಿಲ್ಲ. ಕುದಿದರೆ ಪೈಪಿನೊಳಗೆ ಆವಿ. ದ್ರವವನ್ನು ಒತ್ತಿದರೆ ಪಿಸ್ಟನ್ನು ಚಲಿಸತ್ತೆ, ಆವಿಯನ್ನು ಒತ್ತಿದರೆ ಆವಿ ಮುದುಡತ್ತೆ, ಅಷ್ಟೇ. ಪೆಡಲ್ ನೆಲ ಮುಟ್ಟತ್ತೆ, ಕಾರು ಹೋಗ್ತಾನೇ ಇರತ್ತೆ.

ಇನ್ನೊಂದು ವಿಷಯ ನಮ್ಮ ಕಣ್ಣಿಗೆ ತಕ್ಷಣ ಬಿತ್ತು, ಯಾಕೆಂದರೆ ಫಾರ್ಮುಲಾ ಸ್ಟೂಡೆಂಟ್ ನಿಯಮ ನಮ್ಮ ತಲೆಗೆ ಹತ್ತಿದೆ. ಅಲ್ಲಿ ಎರಡು ಸ್ವತಂತ್ರ ಹೈಡ್ರಾಲಿಕ್ ಸರ್ಕ್ಯೂಟು ಕಡ್ಡಾಯ, ಒಂದು ಸೋರಿದರೂ ಇನ್ನೊಂದು ಎರಡು ಚಕ್ರವನ್ನಾದರೂ ಹಿಡಿಯಬೇಕು. ಪೆಡಲ್ 2000 ನ್ಯೂಟನ್ ತಡೆಯಬೇಕು. ನಾಲ್ಕೂ ಚಕ್ರ ಲಾಕ್ ಮಾಡಿ ತೋರಿಸದಿದ್ದರೆ ಟ್ರ್ಯಾಕಿಗೇ ಬಿಡೋದಿಲ್ಲ. ಡ್ರೈವರು 5 ಸೆಕೆಂಡಿನೊಳಗೆ ಹೊರಗೆ ಬರಬೇಕು. ಈ ಕಾರಿನಲ್ಲಿ ಇದ್ದದ್ದು ಒಂದೇ ಮಾಸ್ಟರ್ ಸಿಲಿಂಡರು, ಒಂದೇ ಸರ್ಕ್ಯೂಟು. ಎಲ್ಲೋ ಒಂದು ಕಡೆ ಸೋರಿದರೆ ನಾಲ್ಕೂ ಚಕ್ರ ಒಟ್ಟಿಗೆ ಕೈಕೊಡುತ್ತವೆ. ಆಗಿನ ಕಾಲದ ಕಾರುಗಳಲ್ಲಿ ಅದೇ ರೂಢಿ. ಬೆಲ್ಟೂ ಇರಲಿಲ್ಲ. ಮೂರು ಕಡೆ ಹಿಡಿಯುವ ಸೀಟ್ ಬೆಲ್ಟನ್ನು ವೋಲ್ವೋದ ನಿಲ್ಸ್ ಬೋಲಿನ್ 1959ರಲ್ಲೇ ತಂದಿದ್ದರು, ಆದರೆ ಅದು ಎಲ್ಲ ಕಾರಿಗೂ ಬರಲು ಬಹಳ ವರ್ಷ ಬೇಕಾಯಿತು. ಸ್ಟೀರಿಂಗ್ ಕಾಲಮ್ಮು ಮಡಚದ ಒಂದೇ ಉದ್ದ ಕಬ್ಬಿಣದ ಕೋಲು, ಮುಂದಿನ ಆ್ಯಕ್ಸಲಿನ ಹತ್ತಿರದಿಂದ ನೇರ ಎದೆಗೆ ಗುರಿಯಿಟ್ಟು ಕೂತಿದೆ.

ಟೈರಿನ ಗುಂಡಿ ನೋಡಿದರೆ ಹೊಸದರ ಹಾಗಿದೆ. ಕೊಳ್ಳುವ ಹುಡುಗ ಉಗುರು ಹಾಕಿ ನೋಡಿ ಖುಷಿಪಟ್ಟಿದ್ದ. ಟೈರಿನ ಪಕ್ಕದಲ್ಲಿ ತಯಾರಾದ ವಾರ ಮತ್ತು ವರ್ಷದ ಅಂಕಿ ಇರತ್ತೆ, ನಿಮ್ಮ ಬೈಕಿನಲ್ಲೂ ನೋಡಿ. 2000ದಿಂದ ಈಚೆಗಿನದಾದರೆ ನಾಲ್ಕು ಅಂಕಿ. ಈ ಟೈರುಗಳಲ್ಲಿ ಮೂರೇ ಅಂಕಿ. ಅಂದರೆ ಅವು ನಮಗಿಂತ ದೊಡ್ಡವು. ‘ಅಣ್ಣ ಅನ್ನಬೇಕು ಕಣೋ ಇದಕ್ಕೆ’ ಅಂದಳು ಎಲೆಕ್ಟ್ರಿಕಲ್‌ನವಳು. ಅವಳಿಗೆ ಸಿಕ್ಕಿದ್ದು ಇನ್ನೂ ಚೆನ್ನಾಗಿತ್ತು: ಇಡೀ ಕಾರಿಗೆ ಎರಡೇ ಫ್ಯೂಸು, ಅದರಲ್ಲೊಂದಕ್ಕೆ ಯಾರೋ ಪುಣ್ಯಾತ್ಮರು ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದ್ದರು. ಅದರಿಂದ ಒಂದೂವರೆ ಅಡಿ ದೂರದಲ್ಲಿ ಪೆಟ್ರೋಲ್ ಪೈಪು, ಬಗ್ಗಿಸಿದರೆ ಹಪ್ಪಳದ ಹಾಗೆ ಬಿರುಕು ಬಿಡುತ್ತಿತ್ತು. 2023ರ ಫೆಬ್ರವರಿಯಲ್ಲಿ ಇ20 ಪೆಟ್ರೋಲು ಬಿಡುಗಡೆಯಾದದ್ದು ನಮ್ಮ ಬೆಂಗಳೂರಿನಲ್ಲೇ. ಅದರಲ್ಲಿ ಶೇ. 20 ಎಥನಾಲ್ ಇರತ್ತೆ. ಅರವತ್ತರ ದಶಕದಲ್ಲಿ ರಬ್ಬರ್ ಆರಿಸಿದವರ ಲೆಕ್ಕದಲ್ಲಿ ಅದು ಇರಲೇ ಇಲ್ಲ.

ಇಷ್ಟನ್ನೆಲ್ಲ ಬದಲಾಯಿಸಬಹುದು. ಬದಲಾಯಿಸಲು ಆಗದ್ದು ಒಂದಿತ್ತು, ಹಿಂದಿನ ಆ್ಯಕ್ಸಲ್ಲು. ಅದು ಸ್ವಿಂಗ್ ಆ್ಯಕ್ಸಲ್.

ಡಿಫರೆನ್ಷಿಯಲ್ಲು ಚಾಸಿಸ್ಸಿಗೆ ಗಟ್ಟಿಯಾಗಿ ಕೂತಿರತ್ತೆ, ಅಲ್ಲಿಂದ ಎರಡು ಕಡೆಗೆ ಎರಡು ಅರ್ಧ ಶಾಫ್ಟು, ಕೀಲು ಒಳತುದಿಯಲ್ಲಿ ಮಾತ್ರ. ಅರ್ಥವಾಗದಿದ್ದರೆ ಎದ್ದು ನಿಂತು ಎರಡೂ ತೋಳು ಅಡ್ಡ ಚಾಚಿ, ಟ್ರಾಫಿಕ್ ಪೊಲೀಸ್ ತಡೆಯುವ ಹಾಗೆ ಅಂಗೈ ಹೊರಗೆ ತೋರಿಸಿ. ಅಂಗೈ ಅಂದರೆ ಚಕ್ರ. ಈಗ ಮಣಿಕಟ್ಟು ಅಲುಗಿಸದೆ ತೋಳು ಕೆಳಗಿಳಿಸಿ. ಅಂಗೈಯ ಬುಡ ಒಳಕ್ಕೆ ಹೋಯಿತು, ಬೆರಳಿನ ತುದಿ ಹೊರಗೆ ವಾಲಿತು. ಕಾರಿನ ಹಿಂಭಾಗ ಮೇಲೆದ್ದಾಗ ಚಕ್ರಕ್ಕೆ ಆಗೋದು ಇದೇ: ರಸ್ತೆ ಹಿಡಿಯಬೇಕಾದ ಟೈರು ಅಂಚಿನ ಮೇಲೆ ನಿಲ್ಲತ್ತೆ. ಹಿಂಭಾಗ ಯಾವಾಗ ಏಳತ್ತೆ? ತಿರುವಿನ ಮಧ್ಯೆ ಆ್ಯಕ್ಸಿಲರೇಟರ್ ಬಿಟ್ಟಾಗ, ಬ್ರೇಕು ಒತ್ತಿದಾಗ. ವೇಗ ಜಾಸ್ತಿಯಾಯಿತು ಅಂತ ಹೆದರಿದ ಮನುಷ್ಯ ಮೊದಲು ಮಾಡೋದೇ ಅದು. ಹೆದರಿ ಕಾಲು ತೆಗೆದರೆ ಕಾರಿನ ಬಾಲ ಹೊರಗೆ ಹಾರತ್ತೆ.

ಈ ವಿನ್ಯಾಸ ಒಬ್ಬರದ್ದಲ್ಲ. ಫೋಕ್ಸ್‌ವ್ಯಾಗನ್ ಬೀಟಲ್, ಪೋರ್ಷೆ 356, ಟ್ರಯಂಫ್ ಸ್ಪಿಟ್‌ಫೈರ್, ಎಲ್ಲದರಲ್ಲೂ ಇತ್ತು. ನಮ್ಮ ಅಜ್ಜಂದಿರ ಕಾಲದ ಸ್ಟ್ಯಾಂಡರ್ಡ್ ಹೆರಾಲ್ಡ್, 1961ರಿಂದ ಮದ್ರಾಸಿನಲ್ಲಿ ತಯಾರಾದ ಸಂಸಾರದ ಕಾರು, ಅದರಲ್ಲೂ ಇದೇ. 1972ರಲ್ಲಿ ಅದೇ ಕಂಪನಿ ಗಸೆಲ್ ತಂದಾಗ ಅದನ್ನು ಕೈಬಿಟ್ಟು ಸಾಧಾರಣ ಗಟ್ಟಿ ಆ್ಯಕ್ಸಲ್ ಹಾಕಿತು. ನಮ್ಮ ರಸ್ತೆಗೆ, ನಮ್ಮ ಮೆಕ್ಯಾನಿಕ್ಕುಗಳಿಗೆ ಅದೇ ಸರಿ ಅಂತ ನಮಗೂ ಅನ್ನಿಸತ್ತೆ. ಆದರೆ ಇದರ ಹೆಸರು ಜಗತ್ತಿಗೆ ಗೊತ್ತಾದದ್ದು ಅಮೆರಿಕದ ಷೆವರ್ಲೆ ಕೊರ್ವೇರ್‌ನಿಂದ. ಅದರ ಎಂಜಿನ್ನು ಹಿಂದೆ, ತೂಕ ಹಿಂದೆ. ಹಿಂಭಾಗ ಜಾರದಿರಲಿ ಅಂತ ಕಂಪನಿ ಹೇಳಿದ್ದ ಟೈರಿನ ಗಾಳಿ ವಿಚಿತ್ರ: ಮುಂದೆ 15 ಪಿಎಸ್‌ಐ, ಹಿಂದೆ 26. ಅಂದರೆ ಸುರಕ್ಷತೆಯ ಒಂದು ಪಾಲು ಪೆಟ್ರೋಲ್ ಬಂಕಿನ ಹುಡುಗನ ಕೈಯಲ್ಲಿ. ಅವನು ನಾಲ್ಕಕ್ಕೂ ಒಂದೇ ಸಮ ಹೊಡೆದರೆ ಮುಗೀತು. ಮುಂದಿನ ಆ್ಯಂಟಿ-ರೋಲ್ ಬಾರು ಎಲ್ಲ ಕಾರಿಗೂ ಬಂದದ್ದು 1964ರ ಮಾಡೆಲ್‌ನಲ್ಲಿ. 1965ರಲ್ಲಿ ವಕೀಲ ರಾಲ್ಫ್ ನೇಡರ್ ‘ಅನ್‌ಸೇಫ್ ಅಟ್ ಎನಿ ಸ್ಪೀಡ್’ ಬರೆದರು, ಮೊದಲ ಅಧ್ಯಾಯವೇ ಕೊರ್ವೇರ್. ಜನರಲ್ ಮೋಟರ್ಸ್ ಅವರ ಹಿಂದೆ ಪತ್ತೇದಾರರನ್ನು ಬಿಟ್ಟಿತು. 1966ರಲ್ಲಿ ಕಂಪನಿಯ ಅಧ್ಯಕ್ಷರು ಸೆನೆಟ್ ಸಮಿತಿಯ ಮುಂದೆ ಕ್ಷಮೆ ಕೇಳಬೇಕಾಯಿತು. ಅದೇ ವರ್ಷ ಅಮೆರಿಕದಲ್ಲಿ ವಾಹನ ಸುರಕ್ಷತಾ ಕಾನೂನು ಬಂತು. ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು: 1972ರ ಸರ್ಕಾರಿ ವರದಿ ಆ ಕಾಲದ ಇತರ ಕಾರುಗಳಿಗೆ ಹೋಲಿಸಿದರೆ ಕೊರ್ವೇರ್ ವಿಶೇಷವಾಗಿ ಕೆಟ್ಟದ್ದೇನಲ್ಲ ಅಂದಿತು. ಇದರಿಂದ ನಮಗೇನೂ ಸಮಾಧಾನವಾಗಲಿಲ್ಲ, ಎಲ್ಲವೂ ಅಷ್ಟೇ ಕೆಟ್ಟದಾಗಿತ್ತು ಅಂತಲೂ ಅದನ್ನು ಓದಬಹುದಲ್ಲ.

ಅವತ್ತು ರಾತ್ರಿ ಲ್ಯಾಬ್ ರೆಕಾರ್ಡಿನ ಹಿಂದಿನ ಪುಟದಲ್ಲಿ ನಂದಿ ಬೆಟ್ಟದ ಲೆಕ್ಕ ಹಾಕಿದೆವು. ಕಾರು ಮತ್ತು ಇಬ್ಬರು ಸೇರಿ 850 ಕಿಲೋ ಅಂತಿಟ್ಟುಕೊಳ್ಳಿ. 500 ಮೀಟರ್ ಎತ್ತರ ಇಳಿದರೆ ಸುಮಾರು 42 ಲಕ್ಷ ಜೂಲ್. 25 ಡಿಗ್ರಿಯಲ್ಲಿರುವ 13 ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರುವಷ್ಟು ಶಾಖ. ಗೇರಿನಲ್ಲಿ ಇಳಿಸಿದರೆ ಒಂದು ಪಾಲನ್ನು ಎಂಜಿನ್ನು ಹೊರುತ್ತೆ, ಗಾಳಿಯೂ ಸ್ವಲ್ಪ ಹೊರುತ್ತೆ, ಉಳಿದದ್ದೆಲ್ಲ ಬ್ರೇಕಿಗೆ. ಮೊದಲೇ ಹಿಡಿದುಕೊಂಡಿರುವ ಎಡ ಡಿಸ್ಕು, ನೀರು ಕುಡಿದ ಆಯಿಲ್ಲು, ಒಂದೇ ಸರ್ಕ್ಯೂಟು, ಮುದಿ ಟೈರು, ಕಾಲು ತೆಗೆದರೆ ಬಾಲ ಬೀಸುವ ಆ್ಯಕ್ಸಲ್ಲು, ಬೆಲ್ಟಿಲ್ಲದ ಸೀಟು. ಒಂದೊಂದೇ ಆಗಿದ್ದರೆ ಬಚಾವಾಗಬಹುದು. ಬೆಟ್ಟ ಇಳಿಯುವಾಗ ಎಲ್ಲವೂ ಒಂದೇ ತಿರುವಿನಲ್ಲಿ ಒಟ್ಟಿಗೆ ಕೇಳುತ್ತವೆ.

ಈಗ ಅವನಿಗೆ ಹೇಳಬೇಕಾ ಬೇಡವಾ?

ಅತ್ತಿಗುಪ್ಪೆ ಕಡೆಯ ಒಬ್ಬ ಹಿರಿಯ ಮೇಸ್ತ್ರಿಯನ್ನು ಕೇಳಿದೆವು. ‘ಹಳೇ ಗಾಡಿ ತಗೊಳ್ಳೋನಿಗೆ ಗೊತ್ತಿರತ್ತಪ್ಪ. ಇದ್ದ ಹಾಗೆ, ಇದ್ದಲ್ಲಿ ಅಂತ ಬರ್ಕೊಡಿ, ಸೈನ್ ತಗೊಳ್ಳಿ’ ಅಂದರು. ಕಾನೂನೂ ಹೆಚ್ಚುಕಡಿಮೆ ಅವರ ಪರವಾಗಿದೆ. 1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಮು, ವಿನಾಯಿತಿಗಳನ್ನು ಬಿಟ್ಟರೆ, ಕೊಳ್ಳುವವನೇ ನೋಡಿ ಕೊಳ್ಳಲಿ ಅನ್ನತ್ತೆ. ನಮ್ಮಲ್ಲೂ ಜಗಳವಾಯಿತು. ಒಬ್ಬ ಹೇಳಿದ: ಅವನೂ ಎಂಜಿನಿಯರು, ಕೇಳಿದರೆ ಹೇಳೋಣ, ಕೇಳದಿದ್ದರೆ ನಾವ್ಯಾಕೆ ಒಂದೂವರೆ ಲಕ್ಷ ಕಳ್ಕೋಬೇಕು, ಫೀಸು ನೀನು ಕಟ್ತೀಯಾ? ಇದಕ್ಕೆ ಯಾರಿಗೂ ಉತ್ತರ ಇರಲಿಲ್ಲ. ಮಗನಂತೂ ಮಾತೇ ಆಡಲಿಲ್ಲ. ಸೀಳಿದ ಹೋಸು ಮೇಜಿನ ಮೇಲಿತ್ತು. ಇನ್ನೊಬ್ಬ ಅದನ್ನೇ ಎತ್ತಿ ತೋರಿಸಿದ: ‘ನೋಡಿ ಕೊಳ್ಳಲಿ ಅಂತೀಯಲ್ಲ, ಇದರ ಒಳಗೆ ಅವನು ಹೇಗೆ ನೋಡ್ತಾನೆ?’

ಮಾರನೇ ದಿನ ಸೀಟು, ಒಳಗಿನ ಬಟ್ಟೆ ಎಲ್ಲ ಸ್ವಚ್ಛ ಮಾಡುವಾಗ ಡ್ರೈವರ್ ಕಡೆಯ ಸನ್ ವೈಸರ್ ಮಗುಚಿದೆವು. ಹಿಂಭಾಗದಲ್ಲಿ ಬಾಲ್‌ಪೆನ್ನಿನಲ್ಲಿ, ಕನ್ನಡದಲ್ಲಿ, ಅಪ್ಪನ ಅಕ್ಷರ: ‘ಗಾಳಿ ಮುಂದೆ 18, ಹಿಂದೆ 24. ಬೆಂಡಲ್ಲಿ ಕಾಲು ತೆಗೀಬಾರದು. ಮೊದಲೇ ನಿಧಾನ.’ ಅದರ ಕೆಳಗೆ ಎರಡು ಸಲ ಗೀಟು.

ಅಮ್ಮನನ್ನು ಕರೆದು ತೋರಿಸಿದೆವು. ಕನ್ನಡಕ ಹಾಕಿಕೊಂಡು ಓದಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಈ ಕಾರಲ್ಲಿ ನನ್ನನ್ನ ವಿಜಯನಗರ ದಾಟಿ ಒಂದಿನಾನೂ ಕರ್ಕೊಂಡು ಹೋಗ್ಲಿಲ್ಲ. ಮೈಸೂರಿಗೆ ಹೋಗೋಣ ಅಂದ್ರೆ ಬಸ್ಸಲ್ಲಿ ಹೋಗೋಣ ಅನ್ನೋರು. ಗಾಡಿ ಸವೆಯತ್ತೆ ಅಂತ ಜಿಪುಣತನ ಮಾಡ್ತಾರೆ ಅಂದ್ಕೊಂಡಿದ್ದೆ’ ಅಂದರು. ಆಮೇಲೆ ಮಗನ ಕಡೆ ತಿರುಗಿ, ‘ಆ ಹುಡುಗನ್ನ ಕರೆಸು, ಎಲ್ಲಾ ಬರೆದು ಕೊಡಿ’ ಅಂತ ಹೇಳಿ ಒಳಗೆ ಹೋದರು. ಚರ್ಚೆ ಅಲ್ಲಿಗೆ ಮುಗೀತು.

ಪಟ್ಟಿ ಬರೆಯೋದು ಅಂದುಕೊಂಡಷ್ಟು ಸುಲಭವಲ್ಲ. ‘ಬ್ರೇಕ್ ಸರಿಯಿಲ್ಲ’ ಅಂತ ಬರೆದರೆ ಹೇಳಿದ ಹಾಗೂ ಅಲ್ಲ, ಹೇಳದ ಹಾಗೂ ಅಲ್ಲ. ಹಳೇ ಗಾಡಿ ಅಂದರೆ ಹಾಗೇ ಅಂತ ಅವನು ನಕ್ಕು ಓಡಿಸಿಕೊಂಡು ಹೋಗಬಹುದು. ಹಾಗಾಗಿ ಏನು ಹೋಗಿದೆ, ಅದರಿಂದ ಯಾವಾಗ ಏನಾಗತ್ತೆ, ಓಡಿಸುವವನಿಗೆ ಅದು ಮೊದಲು ಹೇಗೆ ಗೊತ್ತಾಗತ್ತೆ, ಏನು ಮಾಡಿದರೆ ಸರಿಹೋಗತ್ತೆ, ಎಲ್ಲವನ್ನೂ ಬರೆದೆವು. ಮೂರು ಪುಟ ಆಯಿತು. ಚಾಸಿಸ್ಸನ್ನು ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತಾ ಹೋದರೆ ಒಳ್ಳೆ ಕಬ್ಬಿಣ ಟಣ್ ಅನ್ನತ್ತೆ, ಪುಟ್ಟಿ ಮೆತ್ತಿ ಬಣ್ಣ ಹೊಡೆದ ಜಾಗ ದೊಪ್ ಅನ್ನತ್ತೆ. ಎಡ ಬಾಗಿಲ ಕೆಳಗೆ ಒಂದು ಗೇಣು ದೊಪ್ ಅಂದಿತು, ಅದನ್ನೂ ಸೇರಿಸಿದೆವು. ನೋಂದಣಿ ಮುಗಿದಿರುವುದನ್ನು ಬರೆದೆವು. 2021ರ ಜುಲೈನ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ ಕಾರನ್ನು ವಿಂಟೇಜ್ ಅಂತ ನೋಂದಾಯಿಸಬಹುದು, ಮರು ನೋಂದಣಿ ಶುಲ್ಕ 5,000 ರೂಪಾಯಿ, ಆದರೆ ದಿನಬಳಕೆಗೆ ಓಡಿಸುವಂತಿಲ್ಲ ಅನ್ನೋದನ್ನೂ ಬರೆದೆವು. ಆಫೀಸಿಗೆ ಇದರಲ್ಲೇ ಹೋಗ್ತೀನಿ ಅಂದಿದ್ದನಲ್ಲ! ಸ್ವಿಂಗ್ ಆ್ಯಕ್ಸಲಿನ ಜಾಗದಲ್ಲಿ ನಮ್ಮ ವಿವರಣೆ ಹೊಡೆದುಹಾಕಿ ಅಪ್ಪನ ಎರಡು ಸಾಲು ಇಟ್ಟೆವು. ಅದಕ್ಕಿಂತ ಚೆನ್ನಾಗಿ ಹೇಳಲು ನಮಗೆ ಬರಲಿಲ್ಲ.

ಅವನು ಶನಿವಾರ ಸಂಜೆ ಬಂದ. ಪೋರ್ಟಿಕೋದ ಮೆಟ್ಟಿಲ ಮೇಲೆ ಕೂತು ಮೂರೂ ಪುಟ ಓದಿದ. ಸೀಳಿದ ಹೋಸಿನೊಳಗೆ ಬೆರಳಿಟ್ಟು ಆ ನಾಲಿಗೆಯನ್ನು ಎತ್ತಿ, ಬಿಟ್ಟು, ಮತ್ತೆ ಎತ್ತಿ ನೋಡಿದ. ಕಾಫಿ ಆರಿಹೋಯಿತು. ಎದ್ದು ಹೋಗ್ತಾನೆ ಅಂತಲೇ ಅಂದುಕೊಂಡೆವು. ‘ಇದನ್ನೆಲ್ಲ ಮಾಡಿಸೋಕೆ ಎಷ್ಟಾಗತ್ತೆ?’ ಅಂತ ಕೇಳಿದ. ಜೆ.ಸಿ. ರಸ್ತೆಯಲ್ಲಿ ನಾವು ವಿಚಾರಿಸಿಕೊಂಡು ಬಂದಿದ್ದ ಲೆಕ್ಕ ಕೊಟ್ಟೆವು. ಮೂರು ಲಕ್ಷ ನಲವತ್ತು ಸಾವಿರಕ್ಕೆ ವ್ಯಾಪಾರ ಆಯಿತು. ಒಂದು ಲಕ್ಷ ಮೂವತ್ತೈದು ಸಾವಿರ ಕಡಿಮೆ. ತಂಗಿಯ ಅಡ್ಮಿಷನ್ ಆಯಿತು. ಅಣ್ಣನ ಫೀಸಿಗೆ ಎಜುಕೇಷನ್ ಲೋನ್ ತೆಗೆಯಬೇಕಾಯಿತು, ಅದರ ಕಂತು ಅವನು ಕೆಲಸಕ್ಕೆ ಸೇರಿದ ಮೇಲೂ ಇರತ್ತೆ. ಅವತ್ತು ‘ಫೀಸು ನೀನು ಕಟ್ತೀಯಾ’ ಅಂದ ಗೆಳೆಯ ಈಗಲೂ ತನ್ನ ಮಾತು ತಪ್ಪಲ್ಲ ಅಂತಾನೆ. ಅವನ ಜೊತೆ ನಾವು ವಾದ ಮಾಡೋದಿಲ್ಲ.

ಕಾರು ಓಡಿಕೊಂಡು ಹೋಗಲಿಲ್ಲ, ಫ್ಲ್ಯಾಟ್‌ಬೆಡ್ ಲಾರಿಯ ಮೇಲೆ ಹೋಯಿತು. ಹತ್ತಿಸುವ ಮುಂಚೆ ವೈಸರ್ ಬಿಚ್ಚಿಕೊಡಲಾ ಅಂತ ಅಮ್ಮನನ್ನು ಕೇಳಿದೆವು. ‘ಬೇಡ, ಅದು ಓಡಿಸೋರಿಗೆ ಬರೆದಿದ್ದು’ ಅಂದರು.

ಮೊನ್ನೆ ಅವನ ಮೆಸೇಜ್ ಬಂದಿತ್ತು. ಹೋಸು, ಟೈರು, ಪೆಟ್ರೋಲ್ ಪೈಪು ಆಗಿದೆ. ಬೆಲ್ಟಿಗೆ ನೆಲದಲ್ಲಿ ಗಟ್ಟಿ ಜಾಗ ಹುಡುಕಿ ಪ್ಲೇಟು ವೆಲ್ಡ್ ಮಾಡಿಸುತ್ತಿದ್ದಾನೆ. ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರು ಕೂರಿಸಲು ಪೆಡಲ್ ಬಾಕ್ಸಿನಲ್ಲಿ ಜಾಗ ಸಾಲುತ್ತಿಲ್ಲವಂತೆ, ಬ್ರ್ಯಾಕೆಟ್ ಡ್ರಾಯಿಂಗ್ ಮಾಡಿಕೊಡ್ತೀರಾ ಅಂತ ಕೇಳಿದ್ದಾನೆ. ಈ ವಾರ ಇಂಟರ್ನಲ್ಸ್ ಇದೆ. ಅದು ಮುಗಿದ ಮೇಲೆ ಅಳತೆ ತಗೊಂಡು ಬರಬೇಕು.